ಹಸಿರು ಪಟ್ಟಿಯ ಬೀಗ

"ಒಡೀಬೇಡಿ ಮೇಡಂ. ಆ ಬೀಗ ನಮ್ಮನೆಯವರದ್ದು."

ಎತ್ತಿದ ಕಲ್ಲು ಚಪ್ಪಲಿ ಮೇಡಂ ಕೈಯಲ್ಲೇ ನಿಂತಿತು. ಕಿಟಕಿಯ ಸರಳುಗಳ ಹಿಂದೆ ಗುಬ್ಬಿಯ ತಾಯಿಯ ಮುಖದಲ್ಲಿ ರಕ್ತದ ಕಳೆಯೇ ಇರಲಿಲ್ಲ. ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿತ್ತು. ಒಳಗೆ ತಾಯಿ, ಮಗಳು, ಬೆಳಗಿನಿಂದ.

ನಮ್ಮನೆಯವರು ಎಂದರೆ ರಟ್ಟಿನ ಕಾರ್ಖಾನೆಯ ತೊಟ್ಟಿಯೊಳಗೆ ಸತ್ತ ಗಂಡ. ಆತ ಹೋಗಿ ವರ್ಷ ದಾಟಿತ್ತು. ಹಳೆಯ ಕಾಗದ ಅರೆಯುವ ಆ ತೊಟ್ಟಿಗೆ ಇಳಿಯುವ ಮೊದಲು ಸ್ವಿಚ್ಚಿಗೆ ತನ್ನ ಬೀಗ ಹಾಕದೆ ಹೋದ, ಯಾರೋ ತಿಳಿಯದೆ ಯಂತ್ರ ಹಚ್ಚಿದರು ಎಂದು ಕಾರ್ಖಾನೆಯ ವರದಿ ಹೇಳಿತ್ತು. ಬೀಗವನ್ನು ಎಲ್ಲರೂ ಹುಡುಕಿದ್ದರು. ಎಲ್ಲೂ ಸಿಕ್ಕಿರಲಿಲ್ಲ.

ಈಗ ಅದು ಅವನದೇ ಮನೆಯ ಚಿಲಕದಲ್ಲಿ ನೇತಾಡುತ್ತಿತ್ತು.

ಮೇಡಂ ಬಗ್ಗಿ ನೋಡಿದಳು. ಮುಷ್ಟಿಗಾತ್ರದ ಹಿತ್ತಾಳೆ ಬೀಗ. ಹೊಟ್ಟೆಯ ಸುತ್ತ ಅಗಲವಾದ ಹಸಿರು ಪಟ್ಟಿ. ಬಣ್ಣ ಬಳಿದವನಿಗೆ ಕುಂಚ ಹಿಡಿದು ಅಭ್ಯಾಸವಿರಲಿಲ್ಲವೆಂದು ಕಾಣುತ್ತಿತ್ತು; ಒಂದು ಹನಿ ಕೆಳಗಿಳಿದು ಅಲ್ಲೇ ಒಣಗಿತ್ತು.

"ಗುಬ್ಬಿ ತೊಟ್ಟಿಲಿಗೆ ಬಳಿದು ಉಳಿದ ಬಣ್ಣ ಅದು" ಎಂದಳು ಒಳಗಿನಿಂದ ಆಕೆ. "ಕಾರ್ಖಾನೇಲಿ ಒಬ್ಬೊಬ್ಬರಿಗೂ ಒಂದೊಂದು ಗುರುತು. ಇವರು ಇದನ್ನ ಮಾಡ್ಕೊಂಡಿದ್ರು."

ಚಪ್ಪಲಿ ಮೇಡಂಗೆ ಆ ಹೆಸರು ಬಂದದ್ದು ಕೆಲಸದಿಂದ. ಪರಿಹಾರ ನಿಧಿಯವರು ಕೆಲಸದಲ್ಲಿ ಸತ್ತವರ ಮನೆಗೆ ತಿಂಗಳು ತಿಂಗಳು ಕೊಡುತ್ತಿದ್ದರು. ಸತ್ತವನ ಹೆಂಡತಿ ಮತ್ತೆ ಮದುವೆಯಾದರೆ ಅವಳ ಪಾಲು ನಿಲ್ಲಬೇಕು. ಆಗಿದ್ದಾಳೋ ಇಲ್ಲವೋ ನೋಡಿ ಬರುವುದು ಇವಳ ಉದ್ಯೋಗ. ಕೇಳಿದರೆ ಯಾರೂ ನಿಜ ಹೇಳುವುದಿಲ್ಲ, ಆದ್ದರಿಂದ ಮೊದಲು ಬಾಗಿಲ ಬಳಿಯ ಚಪ್ಪಲಿಗಳನ್ನು ನೋಡುತ್ತಿದ್ದಳು. ಅವಳು ಬರುವ ದಿನ ಬೀದಿಯ ಗಂಡಸರೆಲ್ಲ ಚಪ್ಪಲಿ ಕಂಕುಳಲ್ಲಿಟ್ಟುಕೊಂಡು ಓಡಾಡುತ್ತಾರೆಂದು ಕಚೇರಿಯಲ್ಲಿ ನಗೆ.

ಗುಬ್ಬಿಯ ತಾಯಿಯೊಬ್ಬಳೇ ತಾನಾಗಿ ಕಚೇರಿಗೆ ಬಂದು, ನಾನು ಮದುವೆ ಮಾಡ್ಕೋಬೇಕು ಅಂತಿದೀನಿ, ಆಮೇಲೆ ನನ್ನ ಮಗಳಿಗೆ ಕೊಡೋರು ಯಾರು, ನನ್ನ ಮದುವೆಯಾಗೋರಾ, ನೀವಾ ಎಂದು ಕೇಳಿದ್ದಳು. ನಿಮ್ಮ ಪಾಲೂ ಮಗಳ ಪಾಲಿಗೇ ಸೇರುತ್ತೆ, ಅವಳು ದೊಡ್ಡವಳಾಗುವವರೆಗೆ ನಾವೇ ಕೊಡ್ತೀವಿ, ಆದರೆ ಅವಳು ಯಾರ ಹತ್ತಿರ ಬೆಳೀತಾಳೋ ಅವರ ಕೈಗೆ ಎಂದು ಮೇಡಂ ಹೇಳಿದ್ದಳು. ಆ ದಿನ ಅದು ಬರೀ ನಿಯಮವಾಗಿತ್ತು. ಇವತ್ತು, ಈ ಬೀಗದ ಮುಂದೆ, ಅದೇ ಮಾತು ಮೇಡಂಗೆ ಬೇರೆಯಾಗಿ ಕೇಳಿಸಿತು.

"ಕೀಲಿ ಇದೆಯಾ?"

ಸರಳುಗಳ ನಡುವಿನಿಂದ ಕೈ ಹೊರಬಂತು. ಕಾರ್ಖಾನೆಯವರು ಸತ್ತವನ ವಸ್ತುಗಳನ್ನು ಪೊಟ್ಟಣ ಕಟ್ಟಿ ಕಳಿಸಿದ್ದರಂತೆ. ಬೆಲ್ಟು, ನಿಂತುಹೋದ ಗಡಿಯಾರ, ಈ ಕೀಲಿ. ಹೊಳೆಯುವ ಕೀಲಿ. ತಲೆಯ ತೂತಿನಲ್ಲಿ ಹಳದಿ ದಾರದ ಒಂದೆರಡು ಎಳೆ ಸಿಕ್ಕಿಕೊಂಡಿತ್ತು.

ಬೀಗ ಬೆಣ್ಣೆಯಲ್ಲಿ ಚಾಕು ಆಡಿದಂತೆ ತೆರೆದುಕೊಂಡಿತು. ಯಾರೋ ಎಣ್ಣೆ ಹಾಕಿದ್ದರು.

ಆಗಲೇ ಬೀದಿಯ ಆಚೆ ಕಾರ್ಖಾನೆಯ ತೊಟ್ಟಿ ತಿರುಗಲು ತೊಡಗಿತು. ಇಡೀ ಬೀದಿಗೆ ಗೊತ್ತಿದ್ದ ಗೊರಗೊರ ಸದ್ದು. ಕಿಟಕಿಯ ಗಾಜು ಅದುರಿತು. ಗುಬ್ಬಿಯ ತಾಯಿ ಎರಡೂ ಕಿವಿ ಮುಚ್ಚಿಕೊಂಡು, ಸದ್ದು ಒಂದು ಹದಕ್ಕೆ ಬರುವವರೆಗೆ ಹಾಗೆಯೇ ನಿಂತಳು. ದಿನಾ ಹೀಗೇ ನಿಲ್ಲುತ್ತಾಳೆಂದು ಯಾರೂ ಹೇಳಬೇಕಿರಲಿಲ್ಲ.

ಗುಬ್ಬಿ ಅಳಲಿಲ್ಲ. ಐದಾರು ವರ್ಷದ ಮಗು. ಮಂಚದ ಮೂಲೆಯಲ್ಲಿ ಕುಳಿತು ಮೇಡಂ ಕೈಯಲ್ಲಿದ್ದ ಬೀಗವನ್ನೇ ನೋಡುತ್ತಿತ್ತು. ಮೇಡಂಗೂ ಮನೆಯಲ್ಲಿ ಇಬ್ಬರು. ಹೆದರಿದ ಮಗು ಹೇಗಿರುತ್ತದೆಂದು ಅವಳಿಗೆ ಗೊತ್ತು. ಪಕ್ಕದಲ್ಲಿ ಕುಳಿತು, ಈ ಬೀಗ ನೀನು ಎಲ್ಲಾದರೂ ನೋಡಿದ್ದೀಯಾ ಕಂದ ಎಂದು ಮೆಲ್ಲಗೆ ಕೇಳಿದಳು.

ಗುಬ್ಬಿ ಎರಡು ಬೆರಳು ತುಟಿಗೆ ಒತ್ತಿ ಹಿಡಿಯಿತು. ಬಾಯಿಯಿಂದ ಏನೋ ತಪ್ಪಿಸಿಕೊಂಡು ಹೋಗುತ್ತದೆ ಎನ್ನುವಂತೆ.

"ಅಪ್ಪ ಹೋದಾಗಿಂದ ಹಂಗೇ ಮಾಡ್ತಾಳೆ" ಎಂದಳು ತಾಯಿ. ಅಭ್ಯಾಸವಾಗಿಹೋಗಿದೆ ಎನ್ನುವ ದನಿ.

*

ಮೆಟ್ಟಿಲಲ್ಲಿ ಭಾರದ ಹೆಜ್ಜೆ ಕೇಳಿದಾಗ ಇಬ್ಬರು ಹೆಂಗಸರೂ ಒಮ್ಮೆಲೇ ಎದ್ದು ನಿಂತರು.

ಬಂದವನು ಸ್ಪ್ಯಾನರ್. ಕಾರ್ಖಾನೆಯ ಫಿಟ್ಟರ್, ಸತ್ತವನ ಜೋಡಿ ಆಳು, ಈಗ ಗುಬ್ಬಿಯ ತಾಯಿಯನ್ನು ಮದುವೆಯಾಗಲಿರುವವನು. ಉದ್ದನೆಯ ತೆಳ್ಳನೆಯ ಮೈ, ತುದಿಯಲ್ಲಿ ಅಗಲವಾದ ದವಡೆ. ಆ ಹೆಸರಿಟ್ಟವರಿಗೆ ಕಣ್ಣು ಚೆನ್ನಾಗಿತ್ತು. ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು, ಅದರ ತುದಿಯನ್ನು ಕಾಲಿನಿಂದ ಮೇಡಂ ಕಡೆಗೆ ತಿರುಗಿಸಿದ.

"ಬರ್ಕೊಳ್ಳಿ ಮೇಡಂ. ಗಂಡಸಿನದು, ಒಂದು ಜೊತೆ, ಎಡಗಡೇದು ಸವೆದಿದೆ."

ಬೇರೆ ದಿನವಾಗಿದ್ದರೆ ಮೇಡಂ ನಗುತ್ತಿದ್ದಳು. ಅವಳು ಅಂಗೈ ಬಿಚ್ಚಿ ಬೀಗ ತೋರಿಸಿದಳು.

ಅವನ ಮುಖದ ನಗು ಇಳಿಯುವುದಕ್ಕೆ ಹೊತ್ತು ಹಿಡಿಯಿತು. ಬಾಗಿಲಿನ ಚೌಕಟ್ಟಿಗೆ ಒರಗಿ ಕೆಳಗೆ ಕುಳಿತ. ಎಲ್ಲಿ ಸಿಕ್ತು ಎಂದು ಕೇಳಲಿಲ್ಲ. ಕೀಲಿ ಎಲ್ಲಿದೆ ಎಂದು ಕೇಳಿದ.

ಅದು ಮೇಡಂ ಮನಸ್ಸಿನಲ್ಲಿ ಕೂತಿತು.

ಅವಳು ಒಂದೊಂದಾಗಿ ಕೆದಕಿ ಕೇಳಿದಳು, ಅವನು ನೆಲ ನೋಡಿಕೊಂಡೇ ಹೇಳಿದ. ತೊಟ್ಟಿಗೆ ಇಳಿಯುವವನು ಮೊದಲು ಸ್ವಿಚ್ಚಿನ ಹಿಡಿ ಕೆಳಗೆಳೆದು ಅದಕ್ಕೆ ತನ್ನ ಬೀಗ ಹಾಕಬೇಕು. ಕೀಲಿ ಅವನ ಸೊಂಟದಲ್ಲಿ. ಒಳಗಿರುವವನು ಹೊರಗೆ ಬಂದು ತಾನೇ ತೆರೆಯುವವರೆಗೆ ಯಂತ್ರ ಯಾರೂ ಹಚ್ಚುವಂತಿಲ್ಲ. ಬೀಗ ನೇತಾಡುತ್ತಿದ್ದರೆ ಒಳಗೆ ಆಳಿದೆ, ಮುಟ್ಟಬೇಡ ಎಂದರ್ಥ. ಕಾರ್ಖಾನೆಯಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ.

ಬೀಗಕ್ಕೆ ಕೀಲಿ ಎರಡು. ಎರಡನೆಯದು ಮೇಸ್ತ್ರಿಯ ಪೆಟ್ಟಿಗೆಯಲ್ಲಿರಬೇಕು ಎಂದು ನಿಯಮ. ಆದರೆ ಹಿಂದೊಮ್ಮೆ ಮೇಸ್ತ್ರಿ, ಆಳು ಮನೆಗೆ ಹೋಗಿದ್ದಾನೆ ಎಂದುಕೊಂಡು ಪೆಟ್ಟಿಗೆಯ ಕೀಲಿಯಿಂದ ಬೀಗ ತೆಗೆದುಬಿಟ್ಟಿದ್ದ. ಒಳಗಿದ್ದವನು ಕೂಗಿ ಬದುಕಿಕೊಂಡ. ಆ ಮೇಲೆ ಆಳುಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಎರಡನೆಯ ಕೀಲಿಯನ್ನು ಪೆಟ್ಟಿಗೆಯಿಂದ ತೆಗೆದು ಮನೆಗೆ ಒಯ್ದರು. ಕಾರ್ಖಾನೆಯಲ್ಲಿ ಇಲ್ಲದ ಕೀಲಿಯನ್ನು ಕಾರ್ಖಾನೆಯಲ್ಲಿ ಯಾರು ತಿರುಗಿಸುತ್ತಾರೆ?

"ಮನೇಲಿದ್ರೆ ಪ್ರಾಣ ಗಟ್ಟಿ ಅಂತ" ಎಂದ ಸ್ಪ್ಯಾನರ್. "ನಂದು ನಮ್ಮಕ್ಕನ ಹತ್ರ ಇದೆ."

"ಇವರದು?"

ಅವನು ಗುಬ್ಬಿಯ ತಾಯಿಯನ್ನು ನೋಡಿದ. ಅವಳು ಅವನನ್ನು ನೋಡಿದಳು. ಇಬ್ಬರೂ ಇನ್ನೊಬ್ಬರು ಹೇಳಲಿ ಎಂದು ಕಾದಂತಿತ್ತು. ಕೊನೆಗೆ ಅವಳೇ, ಆಗ ತಾನು ಹೆರಿಗೆಗೆ ಅಮ್ಮನ ಮನೆಗೆ ಹೋಗಿದ್ದೆ, ಯಾರ ಕೈಲಿ ಕೊಟ್ಟರೋ ತಿಳಿಯದು ಎಂದಳು.

ಮೇಡಂ ಮನಸ್ಸಿನಲ್ಲಿ ಲೆಕ್ಕ ಕೂಡಿಬಂತು. ಬೀಗ ಕತ್ತರಿಸಿರಲಿಲ್ಲ, ಒಡೆದಿರಲಿಲ್ಲ; ಅವನು ಹಾಕದೇ ಬಿಟ್ಟ ಬೀಗವಾಗಿದ್ದರೆ ಅದನ್ನು ವರ್ಷವಿಡೀ ಬಚ್ಚಿಡುವ ಕಾರಣ ಯಾರಿಗೂ ಇರಲಿಲ್ಲ. ಒಂದು ಕೀಲಿ ತೊಟ್ಟಿಯೊಳಗಿದ್ದವನ ಸೊಂಟದಲ್ಲಿತ್ತು. ಹಾಗಿದ್ದರೆ ಆ ದಿನ ಸ್ವಿಚ್ಚಿನ ಮೇಲಿದ್ದ ಬೀಗವನ್ನು ಯಾರೋ ಎರಡನೆಯ ಕೀಲಿಯಿಂದ ತೆರೆದು, ಬೀಗ ಜೇಬಿಗೆ ಹಾಕಿಕೊಂಡು, ಹಿಡಿ ಮೇಲೆತ್ತಿದ್ದರು. ಇದು ಅಜಾಗರೂಕತೆಯಲ್ಲ. ಕೊಲೆ.

ಕೊಂದವರಿಗೆ ನಿಧಿ ಒಂದು ಕಾಸನ್ನೂ ಕೊಡುವುದಿಲ್ಲ. ಆದರೆ ಕೊಂದವರೇ ಮಗುವನ್ನು ಸಾಕುತ್ತಿದ್ದರೆ, ಗೊತ್ತಾಗುವವರೆಗೆ, ಎಲ್ಲವೂ ಅವರ ಕೈಗೇ.

"ಆ ಪೊಟ್ಟಣ ಕಾರ್ಖಾನೆಯಿಂದ ಇಲ್ಲಿಗೆ ತಂದವರು ಯಾರು?" ಎಂದು ಕೇಳಿದಳು.

"ನಾನೇ" ಎಂದ ಸ್ಪ್ಯಾನರ್.

"ಕಟ್ಟಿದ್ದು ಹಾಗೇ ಇತ್ತಾ?" ಮೇಡಂ ತಿರುಗಿದ್ದು ಗುಬ್ಬಿಯ ತಾಯಿಯ ಕಡೆಗೆ.

ಅವಳು ಸ್ವಲ್ಪ ತಡೆದು ತಲೆಯಾಡಿಸಿದಳು. ಹೌದೆಂದೋ ನೆನಪಿಲ್ಲವೆಂದೋ ಹೇಳುವುದು ಕಷ್ಟವಾಗಿತ್ತು.

ಮೇಡಂ ಬೀಗವನ್ನು ಕರವಸ್ತ್ರದಲ್ಲಿ ಸುತ್ತಿ ಕಪಾಟಿನ ಮೇಲಿಟ್ಟಳು. ಪೊಲೀಸರು ಬರುವವರೆಗೆ ಯಾರೂ ಮುಟ್ಟಬೇಡಿ ಎಂದಳು. ಫೋನಿನ ಜೀವ ಹೋಗಿತ್ತು. ಹಾಲು ಉಕ್ಕಿಹೋಯಿತು, ಅಣ್ಣ ಒರೆಸ್ತಿಲ್ಲ ಎಂದು ಮನೆಯಿಂದ ಮಗಳು ಕಳಿಸಿದ ಸಂದೇಶವೇ ಕೊನೆ. ಅದನ್ನು ಅಲ್ಲೇ ಚಾರ್ಜಿಗೆ ಹಾಕಿ, ಚೀಲ ಕುರ್ಚಿಗೆ ನೇತುಹಾಕಿ, ಮಹಡಿಯ ಮೇಲಿರುವ ಗುಬ್ಬಿಯ ತಾಯಿಯ ಅತ್ತೆಯನ್ನು, ಸತ್ತವನ ಅಮ್ಮನನ್ನು, ಒಂದು ಮಾತು ಕೇಳಿ ಬರುತ್ತೇನೆಂದು ಹೊರಟಳು.

ಅರ್ಧ ಮೆಟ್ಟಿಲು ಹತ್ತಿದ ಮೇಲೆ ಗೊತ್ತಾಯಿತು, ಕೀಲಿ ಇನ್ನೂ ಮುಷ್ಟಿಯಲ್ಲೇ ಇದೆ. ಬೆವರಿಗೆ ಅಂಟಿಕೊಂಡಿತ್ತು.

*

ಅತ್ತೆಯ ಕೋಣೆ ಮಹಡಿಯ ಮೇಲೆ ಒಂಟಿಯಾಗಿತ್ತು. ಬೆನ್ನು ಬಾಗಿದ ಮುದುಕಿ; ಕೈ ಮೇಲೆತ್ತಲಾಗದು ಎಂದು ಬಾಗಿಲಿನ ಚಿಲಕವನ್ನು ಒಳಗೂ ಹೊರಗೂ ಸೊಂಟದ ಮಟ್ಟಕ್ಕೆ ಹಾಕಿಸಿದ್ದಳು. ಮೇಡಂ ಒಳಗೆ ಬಂದದ್ದೇ ಮುದುಕಿ ಬಾಗಿಲು ತಳ್ಳಿ ಮುಚ್ಚಿದಳು. ಕೂರು ಎಂದೂ ಹೇಳಲಿಲ್ಲ.

"ಬೀಗ ಹಾಕಿದ್ದು ನಾನು" ಎಂದಳು.

ಮೇಡಂ ಕೇಳಬೇಕೆಂದುಕೊಂಡಿದ್ದ ಮೊದಲ ನಾಲ್ಕು ಪ್ರಶ್ನೆಗಳು ಹೀಗೆ ವ್ಯರ್ಥವಾದವು.

"ಯಾಕಮ್ಮ?"

"ಒಳಗೆ ಆಳಿದೆ, ಮುಟ್ಟಬೇಡಿ ಅಂತ." ಮುದುಕಿ ಮಂಚದ ಅಂಚಿಗೆ ಕುಳಿತಳು. "ಅವನೂ ಇವಳೂ ಸೇರಿ ಇವತ್ತು ಮಗೂನ ಕರ್ಕೊಂಡು ಊರು ಬಿಡ್ತಾರೆ ಅಂತ ಗೊತ್ತಾಯ್ತು. ನೀನು ಬರ್ತೀಯ ಅಂತಾನೂ ಗೊತ್ತಿತ್ತು ತಾಯಿ. ನೀನು ಬರೋವರೆಗಾದ್ರೂ ನಿಲ್ಲಲಿ ಅಂತ ಹಾಕ್ದೆ."

ಊರು ಬಿಡುವ ಮಾತನ್ನು ಕೆಳಗೆ ಇಬ್ಬರೂ ಎತ್ತಿರಲಿಲ್ಲ.

ಬೀಗ ಎಲ್ಲಿ ಸಿಕ್ಕಿತು ಎಂದು ಮೇಡಂ ಕೇಳಿದಳು. ನಿನ್ನೆ ಸೊಸೆ, ಅಟ್ಟ ಖಾಲಿ ಮಾಡಬೇಕು, ಹಳೆಯ ತೊಟ್ಟಿಲು ಬೇಕಾದರೆ ನೀವೇ ಇಟ್ಟುಕೊಳ್ಳಿ ಎಂದಿದ್ದಳಂತೆ. ಮುದುಕಿ ಅದನ್ನು ಮೇಲೆ ತರಿಸಿಕೊಂಡು ಹಾಸಿಗೆ ಕೊಡವಿದಾಗ, ಹತ್ತಿಯೊಳಗಿನಿಂದ ಬೀಗ ನೆಲಕ್ಕೆ ಬಿತ್ತು. ತೆರೆದೇ ಇತ್ತು. ಎಣ್ಣೆ ಹಾಕಿತ್ತು.

ಮೂಲೆಯಲ್ಲಿ ಹಸಿರು ತೊಟ್ಟಿಲು ನಿಂತಿತ್ತು. ಹೊಲಿಗೆ ಬಿಚ್ಚಿದ ಪುಟ್ಟ ಹಾಸಿಗೆ ಅದರೊಳಗೆ ಬಾಯಿ ತೆರೆದುಕೊಂಡಿತ್ತು.

"ಎರಡನೇ ಕೀಲಿ ನಿಮ್ಮ ಮಗ ಯಾರ ಹತ್ರ ಕೊಟ್ಟಿದ್ದ?"

ಮುದುಕಿ ಗದ್ದದಿಂದಲೇ ಬಾಗಿಲ ಪಕ್ಕದ ಗೋಡೆ ತೋರಿಸಿದಳು. ಅಲ್ಲಿ ಅವಳ ಕೈಗೆಟಕುವ ಎತ್ತರದಲ್ಲೊಂದು ಮೊಳೆ. ಮೊಳೆಯ ಕೆಳಗೆ ಸುಣ್ಣದ ಮೇಲೆ ಕೀಲಿಯೊಂದು ವರ್ಷಗಟ್ಟಲೆ ಉಜ್ಜಿ ಆದ ಮಾಸಲು ಗೆರೆ.

"ಹಳದಿ ದಾರ ಕಟ್ಟಿ ನಾನೇ ಹಾಕಿದ್ದೆ" ಎಂದಳು. "ಅಮ್ಮಾ, ಇದು ನಿನ್ನ ಗೋಡೇಲಿರೋವರೆಗೂ ನಂಗೇನೂ ಆಗಲ್ಲ ಅಂದಿದ್ದ."

ಮೇಡಂ ಮುಷ್ಟಿ ಬಿಗಿಯಾಯಿತು. ಬಿಚ್ಚಲು ಧೈರ್ಯ ಬರಲಿಲ್ಲ. ಅವನ ಸೊಂಟದಲ್ಲಿದ್ದ ಕೀಲಿ ಏನಾಯಿತು ಎಂದು ಮಾತ್ರ ಕೇಳಿದಳು.

ಆಸ್ಪತ್ರೆಯಲ್ಲಿ ಮಗನನ್ನು ತೊಳೆದವಳು ತಾನೇ ಎಂದಳು ಮುದುಕಿ. ಸೊಸೆಗೆ ನೋಡುವ ಶಕ್ತಿ ಇರಲಿಲ್ಲ. ಸೊಂಟದ ದಾರದಲ್ಲಿ ಕೀಲಿ ಇತ್ತು, ಒಣಗಿದ ಎಲೆಯ ಹಾಗೆ ಮುರುಟಿಕೊಂಡಿತ್ತು. ಅದನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿ, ಅವನ ಜೊತೆಗೇ ಮಣ್ಣು ಮಾಡಿದಳು. ಯಾರಿಗೂ ಹೇಳಲಿಲ್ಲ.

ಮೇಡಂ ಮುಷ್ಟಿ ಬಿಚ್ಚಿದಳು.

ನೆಟ್ಟನೆಯ ಕೀಲಿ. ಒಂದು ಗೀರು ಕೂಡ ಇಲ್ಲ. ತೂತಿನಲ್ಲಿ ಹಳದಿ ಎಳೆ.

ಮುದುಕಿ ಅದನ್ನು ಮುಟ್ಟಲಿಲ್ಲ. ಹಾವು ಕಂಡವಳಂತೆ ಕಾಲು ಮಂಚದ ಮೇಲಕ್ಕೆ ಎಳೆದುಕೊಂಡಳು. "ಇದು ನಂದು" ಎಂದಳು. "ಎಲ್ಲಿತ್ತು?"

ಕಾರ್ಖಾನೆಯ ಪೊಟ್ಟಣದಲ್ಲಿ ಬಂತು ಎಂದು ನಿಮ್ಮ ಸೊಸೆ ಹೇಳಿದಳು, ಪೊಟ್ಟಣ ತಂದವನು ಸ್ಪ್ಯಾನರ್ ಎಂದಳು ಮೇಡಂ. ಹೇಳುತ್ತಿರುವಾಗಲೇ ಅವಳಿಗೆ ಅನ್ನಿಸಿತು: ಅವನು ಪೊಟ್ಟಣಕ್ಕೆ ಸೇರಿಸಿ ತಂದಿರಬಹುದು. ಪೊಟ್ಟಣದಲ್ಲಿ ಕೀಲಿಯೇ ಇರದಿದ್ದಿರಬಹುದು. ಸರಳುಗಳ ನಡುವಿನಿಂದ ಬಂದ ಆ ಕೈ ಎಷ್ಟು ಬೇಗ ಬಂದಿತ್ತು!

"ಅಮ್ಮ, ನೆನಪು ಮಾಡ್ಕೊಂಡು ಹೇಳಿ. ಈ ಮೊಳೆಯಿಂದ ಕೀಲಿ ತಗೊಂಡು ಹೋದವರು ಯಾರು? ನಿಮ್ಮ ಸೊಸೆನಾ? ಅವನಾ?"

ತೊಟ್ಟಿಯ ಸದ್ದು ಗೋಡೆಯೊಳಗೆ ಇಳಿದು ಮಂಚದ ಕಾಲುಗಳನ್ನು ಅಲುಗಿಸುತ್ತಿತ್ತು.

"ಗುಬ್ಬಿ" ಎಂದಳು ಮುದುಕಿ.

ಮೇಡಂಗೆ ಕೇಳಿಸಿತು, ಆದರೂ ಕೇಳಿಸದವಳಂತೆ ಮುಂದಕ್ಕೆ ಬಾಗಿದಳು.

"ಆವತ್ತು ಬೆಳಿಗ್ಗೆ ಹಲ್ಲುಜ್ಜಿ ಹಂಗೇ ಮೇಲೆ ಬಂತು ಮಗು. ಅಜ್ಜಿ, ಅಪ್ಪನ ಕೀಲಿ ಕೊಡಬೇಕಂತೆ ಅಂತು. ಅಪ್ಪಂದು ಕಳೆದುಹೋಯ್ತೇನೋ, ಅವನೇ ಕಳಿಸಿದಾನೆ ಅಂದ್ಕೊಂಡೆ. ನನ್ನ ಕೈಯಾರೆ ತೆಗೆದು ಕೊಟ್ಟೆ." ಅವಳು ಆ ಕೈಯನ್ನೇ ನೋಡಿಕೊಂಡಳು. "ಸಂಜೆ ಅವನ ಹೆಣ ಬಂತು."

"ಕಳಿಸಿದ್ದು ಯಾರು ಅಂತ ಮಗೂನ ಕೇಳಲಿಲ್ವಾ?"

"ಕೇಳದೆ ಇರ್ತೀನಾ? ದಿನಾ ಕೇಳ್ತೀನಿ. ಹೇಳಬಾರದಂತೆ ಅಂತದೆ. ಎರಡು ಬೆರಳು ಬಾಯಿಗೆ ಇಟ್ಕೊಂಡ್ ಬಿಡ್ತದೆ."

ಹಾಗಾದರೆ ನೀವು ಯಾರಿಗೂ ಯಾಕೆ ಹೇಳಲಿಲ್ಲ ಎಂದು ಮೇಡಂ ಕೇಳಿದಾಗ, ಮುದುಕಿ ಅವಳನ್ನು ಮರುಕದಿಂದ ನೋಡಿದಳು. ಯಾರಿಗೆ ಹೇಳುವುದು? ಹೇಳಿದರೆ, ಕಳಿಸಿದವರಿಗೆ ಮಗುವಿಗೆ ಇನ್ನೂ ನೆನಪಿದೆ ಎಂದು ಗೊತ್ತಾಗುತ್ತದೆ. ಇದುವರೆಗೆ ಮರೆತಿದೆ ಎಂದುಕೊಂಡಿದ್ದಾರೆ. ಅದಕ್ಕೇ ಅದು ಬದುಕಿದೆ.

ಈ ಬೀಗ ನೋಡಿದ್ದೀಯಾ ಕಂದ ಎಂದು ಮೇಡಂ ಕೇಳಿದ್ದು ಕೆಳಗೆ, ತಾಯಿಯ ಎದುರಿಗೆ. ಬಾಗಿಲು ತೆರೆದಿತ್ತು. ಸ್ಪ್ಯಾನರ್ ಆಗಲೇ ಮೆಟ್ಟಿಲ ಬುಡದಲ್ಲಿ ಇದ್ದನೋ ಏನೋ. ಬೀಗದ ಮಾತು ಬಂದೊಡನೆ ಮಗು ಎರಡು ಬೆರಳು ತುಟಿಗೆ ಇಟ್ಟುಕೊಂಡದ್ದನ್ನು ನೋಡಬಾರದವರು ನೋಡಿದ್ದರು.

ನೋಡುವ ಹಾಗೆ ಮಾಡಿದವಳು ತಾನು.

ಅವಳು ಬಾಗಿಲ ಕಡೆ ಓಡಿದಳು. ಕೈ ತಾಗುವ ಮೊದಲೇ ಹೊರಗೆ ಚಿಲಕ ಸರಿದ ಸದ್ದು. ಅದರ ಹಿಂದೆಯೇ ಇನ್ನೊಂದು, ಸಣ್ಣದು, ನುಣ್ಣನೆಯದು. ಎಣ್ಣೆ ಹಾಕಿದ ಬೀಗದ ಕಟಕ್.

ಮೇಡಂ ಎಳೆದಳು. ಬಾಗಿಲು ಕೂದಲೆಳೆಯಷ್ಟು ಬಿಟ್ಟುಕೊಂಡು ನಿಂತಿತು. ಆ ಬಿರುಕಿನಲ್ಲಿ, ಸೊಂಟದ ಮಟ್ಟದಲ್ಲಿ, ಹಸಿರು ಬಣ್ಣದ ಒಂದು ಗೆರೆ. ಕೀಲಿ ಅವಳ ಕೈಯಲ್ಲೇ ಇತ್ತು. ಬಾಗಿಲಿನ ಈಚೆ. ಚೀಲ ಕೆಳಗೆ, ಫೋನ್ ಕೆಳಗೆ. ಕೋಣೆಗಿದ್ದದ್ದು ಕಾರ್ಖಾನೆಯ ಗೋಡೆಗೆ ಮುಖ ಮಾಡಿದ ಒಂದು ಗಾಳಿಗಿಂಡಿ.

"ಯಾರು?" ಎಂದಳು.

ಹೊರಗೆ ಯಾರೋ ಉಸಿರಾಡುತ್ತಿದ್ದರು. ತುಂಬ ಕೆಳಗಿನಿಂದ ಬರುವ ಉಸಿರು.

"ಅಜ್ಜಿ" ಎಂದಿತು ಗುಬ್ಬಿಯ ದನಿ, "ನಾನೇ ಹಾಕಿದ್ದು."

ಮುದುಕಿ ಮಂಚದಿಂದ ಇಳಿದು, ತೆವಳಿದಂತೆ ಬಂದು ಬಾಗಿಲಿಗೆ ಕೆನ್ನೆ ಹಚ್ಚಿದಳು. ಅವಳ ಕೈ ಮೇಡಂ ಕೈಯನ್ನು ಹುಡುಕಿ ಹಿಡಿದುಕೊಂಡಿತು.

"ಜಾಣೆ ನನ್ನ ಚಿನ್ನ" ಎಂದಳು, ಏನೂ ಆಗಿಲ್ಲವೆನ್ನುವ ದನಿಯಲ್ಲಿ. "ಹಾಕು ಅಂತ ನಿಂಗೆ ಹೇಳಿದ್ದು ಯಾರು ಕಂದ?"

ಬಾಗಿಲಿನ ಆಚೆ ಮಗುವಿನ ಬೆರಳುಗಳು ಈಗ ಎಲ್ಲಿವೆ ಎಂದು ಒಳಗಿದ್ದ ಇಬ್ಬರಿಗೂ ಗೊತ್ತಿತ್ತು.

"ಹೇಳಬಾರದಂತೆ."

ಆಮೇಲೆ ಮೆಟ್ಟಿಲು ಇಳಿಯುವ ಸದ್ದು. ಪುಟ್ಟ ಹೆಜ್ಜೆಗಳು, ಅವುಗಳ ಪಕ್ಕದಲ್ಲೇ, ಅದೇ ನಿಧಾನಕ್ಕೆ, ದೊಡ್ಡವರೊಬ್ಬರ ಹೆಜ್ಜೆಗಳು. ಚಪ್ಪಲಿ ಮೇಡಂ ಕಿವಿಗೊಟ್ಟಳು. ಎಷ್ಟೋ ಮನೆಗಳ ಬಾಗಿಲಲ್ಲಿ ನಿಂತು, ಚಪ್ಪಲಿಯ ಸದ್ದಿನಿಂದಲೇ ಗಂಡಸೋ ಹೆಂಗಸೋ ಎಂದು ಹೇಳಬಲ್ಲವಳು ಅವಳು.

ಇಳಿಯುತ್ತಿದ್ದವರು ಚಪ್ಪಲಿ ಹಾಕಿರಲಿಲ್ಲ.